ಮದುವೆಯಿಲ್ಲದ ಹನಿಮೂನ್ ಮನೆ

ಬಾಗಿಲು ತೆಗೆದ ಕೂಡಲೇ ಕಂಡದ್ದು ಮಂಚ. ಮಂಚದ ಮೇಲೆ ಗುಲಾಬಿ ಪಕಳೆಗಳಿಂದ ಬಿಡಿಸಿದ ದೊಡ್ಡ ಹೃದಯ. ಹೃದಯದ ನಡುವೆ ಟವೆಲ್ಲುಗಳನ್ನು ಮಡಚಿ ಮಾಡಿದ ಎರಡು ಹಂಸಗಳು, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು.

ನಾವು ಐದು ಜನ ಬಾಗಿಲಲ್ಲೇ ನಿಂತುಬಿಟ್ಟೆವು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾವ ತಿರುಗಿ ಸಮುದ್ರದ ಕಡೆ ನೋಡತೊಡಗಿದರು. ನನ್ನ ಗಂಡ, ಇಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವಂತೆ, ಲಗೇಜು ತರುತ್ತೇನೆಂದು ಕಾರಿನ ಕಡೆ ಓಡಿದರು. (ಲಗೇಜು ಅವರ ಕೈಯಲ್ಲೇ ಇತ್ತು.)

ಮುಂದೆ ಬಂದವಳು ಚೈತ್ರಾ. ಅಕ್ಕನ ಮಗಳು. ಹಂಸವೊಂದರ ಕತ್ತು ಹಿಡಿದು ಎತ್ತಿ, ಕೊಡವಿ ಟವೆಲ್ ಮಾಡಿ ಹೆಗಲ ಮೇಲೆ ಹಾಕಿಕೊಂಡಳು. "ಚಿಕ್ಕಮ್ಮ, ಬಾತ್‌ರೂಮ್ ಯಾವ ಕಡೆ? ಘಾಟಿ ಇಳಿಯೋವಾಗಿಂದ ತಡ್ಕೊಂಡಿದೀನಿ."

ಆ ಮನೆ ಅವಳ ಹನಿಮೂನಿಗೆಂದು ನಾನೇ ಬುಕ್ ಮಾಡಿದ್ದು. ಮದುವೆಯ ಉಡುಗೊರೆ. ಕುಂದಾಪುರ ದಾಟಿದ ಮೇಲೆ ಒಂದು ಪುಟ್ಟ ದಾರಿ. ಮನೆಯ ಮುಂದೆ ಅಲೆಯೇ ಇಲ್ಲದ ಹಿನ್ನೀರು, ಅದರಾಚೆ ಮರಳಿನ ದಿಬ್ಬ, ದಿಬ್ಬದಾಚೆ ಕಡಲು. ಫೋಟೊ ನೋಡಿ ಮನಸೋತಿದ್ದೆ. ಆಮೇಲೆ ಮದುವೆ ಮುರಿಯಿತು. ಬುಕಿಂಗ್ ಮಾತ್ರ ಮುರಿಯಲಿಲ್ಲ. ನಮ್ಮ ದೇಶದಲ್ಲಿ ನಿಶ್ಚಿತಾರ್ಥ ಕ್ಯಾನ್ಸಲ್ ಮಾಡಬಹುದು, ಆನ್‌ಲೈನ್ ಬುಕಿಂಗ್ ಕ್ಯಾನ್ಸಲ್ ಮಾಡುವುದಕ್ಕೆ ಆಗುವುದಿಲ್ಲ.

"ವೇಸ್ಟ್ ಯಾಕೆ ಮಾಡ್ತೀರ? ಎಲ್ರೂ ಹೋಗೋಣ" ಎಂದವಳೂ ಚೈತ್ರಾಳೇ.

ಮದುವೆ ಮುರಿದವಳು ಅವಳೇ ಎಂದು ಇಲ್ಲಿ ಹೇಳಿಬಿಡಬೇಕು. ಹುಡುಗ ನಿತಿನ್. ಶಿವಮೊಗ್ಗದ ದುರ್ಗಿಗುಡಿಯವನು, ಬ್ಯಾಂಕಿನಲ್ಲಿ ಕೆಲಸ. ಮೃದು ಮಾತು. ನಮಗೆಲ್ಲ ಎಷ್ಟು ಇಷ್ಟವಾಗಿದ್ದನೆಂದರೆ, ನನ್ನ ಗಂಡ ಅವನ ಜೊತೆ ಚೈತ್ರಾಳಿಗಿಂತ ಹೆಚ್ಚು ವಾಟ್ಸ್ಯಾಪ್ ಮಾಡುತ್ತಿದ್ದರು. ಛತ್ರ ಗೊತ್ತಾಗಿತ್ತು. ಕಾರ್ಡು ಪ್ರಿಂಟಿಗೆ ಹೋಗುವುದಿತ್ತು. ಒಂದು ದಿನ ಶಂಕರಘಟ್ಟದ ಕ್ಯಾಂಪಸ್ಸಿನಿಂದ ಪಾಠ ಮುಗಿಸಿಕೊಂಡು (ಅವಳು ಅಲ್ಲಿ ಗೆಸ್ಟ್ ಲೆಕ್ಚರರ್) ಭದ್ರಾವತಿಯ ಮನೆಗೆ ಬಂದವಳು, ಚಪ್ಪಲಿ ಬಿಡುವ ಮೊದಲೇ "ನಂಗೆ ಈ ಮದುವೆ ಬೇಡ" ಎಂದಳು.

ಯಾಕೆ?

"ಯಾಕೂ ಇಲ್ಲ. ಬೇಡ."

ಬೇರೆ ಯಾರಾದರೂ ಇದ್ದಾರಾ? ಇಲ್ಲ. ಅವನು ಏನಾದರೂ ಅಂದನಾ? ಇಲ್ಲ. ಅವರ ಮನೆಯವರು ಏನಾದರೂ ಕೇಳಿದರಾ? ಇಲ್ಲ. ನಾಲ್ಕು ದಿಕ್ಕಿನಿಂದಲೂ ಹುಡುಕಿದೆವು, ಕಾರಣ ಸಿಗಲಿಲ್ಲ. ಅಂದಿನಿಂದ ಭಾವ ಮಗಳ ಜೊತೆ ಮಾತು ಬಿಟ್ಟರು. ಅಕ್ಕ ಮಗಳ ಬೆನ್ನು ಬಿಡಲಿಲ್ಲ. ಅವಳು ಸ್ನಾನಕ್ಕೆ ಹೋದರೂ "ಬೋಲ್ಟ್ ಹಾಕ್ಬೇಡ್ವೇ" ಎಂದು ಹೊರಗೆ ನಿಂತಿರುತ್ತಿದ್ದಳು. ಅಕ್ಕನ ತಲೆಯಲ್ಲಿ ಏನು ಓಡುತ್ತಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಹೀಗೆ ಮಾತು ಬಿಟ್ಟ ಅಪ್ಪ, ಬೆನ್ನು ಬಿಡದ ಅಮ್ಮ, ಸುಮ್ಮನೆ ನಗುವ ಚಿಕ್ಕಪ್ಪ, ಎಲ್ಲರ ನಡುವೆ ನಾನು. ಇಂಥ ಒಂದು ಸಂಸಾರ ಹನಿಮೂನ್ ಮನೆಯಲ್ಲಿ ರಜೆ ಕಳೆಯಲು ಬಂದು ಇಳಿದಿತ್ತು.

ಮನೆ ನೋಡಿಕೊಳ್ಳುವ ಕಮಲಕ್ಕನಿಗೆ ಪಾಪ ಏನೂ ಗೊತ್ತಿಲ್ಲ. "ಮದಿಮಕ್ಳ್ ಎಲ್ಲಿ?" ಎಂದು ಕೇಳಿದರು. ಮದುಮಕ್ಕಳು ಎಲ್ಲಿ ಅಂತ. "ಬರ್ಲಿಲ್ಲ ಕಮಲಕ್ಕ, ನಾವೇ ಬಂದ್ವಿ" ಎಂದಳು ಚೈತ್ರಾ. ಕಮಲಕ್ಕ ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿ, "ಮೀನ್ ತಿಂತ್ರ್ಯಾ?" ಎಂದು ಮಾತು ಬದಲಿಸಿದರು. ಅವರ ಮೇಲೆ ನನಗೆ ಅಲ್ಲೇ ಪ್ರೀತಿ ಬಂತು.

ಹಿನ್ನೀರು ಎಂದರೆ ನಮ್ಮ ಕಡೆಯವರಿಗೆ ಡ್ಯಾಮಿನ ಹಿಂದೆ ನಿಂತ ನೀರು. ಇದು ಅಂಥದ್ದಲ್ಲ. ದಿನಕ್ಕೆ ಎರಡು ಸಲ ಕಡಲಿನ ಜೊತೆ ಏರುತ್ತದೆ, ಇಳಿಯುತ್ತದೆ. ಆದರೆ ಎಷ್ಟು ಮೆಲ್ಲಗೆ ಎಂದರೆ, ನೋಡುತ್ತಾ ಕೂತರೆ ಗೊತ್ತೇ ಆಗುವುದಿಲ್ಲ. ಸದ್ದೂ ಇಲ್ಲ. ಆ ಮೌನ ನಮಗೆ ಬಹಳ ಕಷ್ಟವಾಯಿತು. ಮನೆಯಲ್ಲಾದರೆ ಟಿವಿ ಇರುತ್ತದೆ, ಮಿಕ್ಸಿ ಇರುತ್ತದೆ, ಭಾವನಿಗೆ ತಮ್ಮ ಹಾರ್ಡ್‌ವೇರ್ ಅಂಗಡಿ ಇರುತ್ತದೆ. ಇಲ್ಲಿ ಒಬ್ಬರು ಚಮಚ ಕೆಳಗಿಟ್ಟರೂ ಉಳಿದ ನಾಲ್ವರಿಗೆ ಕೇಳುತ್ತಿತ್ತು. ಮಾತಾಡದೆ ಇರುವುದು ಅಷ್ಟು ಜೋರಾಗಿ ಕೇಳಿಸಿದ್ದು ನನಗೆ ಅದೇ ಮೊದಲು.

ಭಾವ ಮಗಳಿಗೆ ಹೇಳಬೇಕಾದದ್ದನ್ನು ನನಗೆ ಹೇಳುತ್ತಿದ್ದರು. "ವಸು, ಅವ್ಳಿಗೆ ಹೇಳು, ಬಿಸಿಲಲ್ಲಿ ನಿಂತ್ಕೋಬೇಡ ಅಂತ." ಅವಳು ಎದುರಿಗೇ ಇರುತ್ತಿದ್ದಳು. "ಚಿಕ್ಕಮ್ಮ, ಅಪ್ಪಂಗೆ ಹೇಳಿ, ಕ್ಯಾಪ್ ಹಾಕಿದೀನಿ ಅಂತ." ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ನನ್ನದು.

ಮರುದಿನ ಊಟವಾದ ಮೇಲೆ ಗಂಡಸರು ವರಾಂಡದಲ್ಲಿ ತೂಕಡಿಸುತ್ತಿದ್ದರು. ಚೈತ್ರಾ ದಂಡೆಗೆ ಕಟ್ಟಿದ್ದ ಫೈಬರ್ ದೋಣಿಯ ಹಗ್ಗ ಬಿಚ್ಚತೊಡಗಿದಳು. ಅಕ್ಕ ಕಿಟಕಿಯಿಂದ ನೋಡಿದವಳೇ ಬಿಳಿಚಿಕೊಂಡಳು. "ಒಬ್ಳೇ ನೀರಿಗೆ ಹೋಗ್ತಿದಾಳೆ ಕಣ್ರೀ!" ಅಕ್ಕನ ದನಿ ಕೇಳಿ ಭಾವ ಎದ್ದು ಓಡಿದರು. ಭಾರೀ ಆಳು, ಓಡಿದ್ದನ್ನು ನಾನು ನೋಡಿದ್ದೇ ಇಲ್ಲ. ದಂಡೆಗೆ ಹೋಗಿ ನಿಂತು, ಏದುಸಿರು ಬಿಡುತ್ತಾ ನನ್ನನ್ನೇ ಕರೆದರು.

"ವಸು, ಅವ್ಳಿಗೆ ಹೇಳು, ನಾನೂ ಬರ್ತೀನಿ ಅಂತ."

"ಚಿಕ್ಕಮ್ಮ, ಅಪ್ಪಂಗೆ ದೋಣಿ ನಡೆಸೋಕೆ ಬರುತ್ತಾ ಕೇಳಿ."

"ಹುಟ್ಟಿದ್ದು ಬೆಳೆದಿದ್ದು ಭದ್ರಾ ಹೊಳೆ ದಂಡೆ ಮೇಲೆ. ನಂಗೆ ಹೇಳಿಕೊಡೋಕೆ ಬರ್ತಾಳೆ!"

ಅನುವಾದಕಿ ಇಲ್ಲದೆ ಇಬ್ಬರೂ ಹೊರಡುವಂತಿರಲಿಲ್ಲ. ನಾನೂ ಹತ್ತಿದೆ. ಭಾವನ ಲೈಫ್ ಜಾಕೆಟ್ಟಿನ ಬಕಲ್ ಹೊಟ್ಟೆಯ ಮೇಲೆ ಕೂಡಲಿಲ್ಲ. ದಾರದಿಂದ ಕಟ್ಟಿದೆವು. ಹಿತ್ತಲಿನಿಂದ ಕಮಲಕ್ಕ ಏನೋ ಕೂಗಿದರು. ಭಾವ ಕೈಯೆತ್ತಿ ಟಾಟಾ ಮಾಡಿದರು.

ಮೊದಮೊದಲು ಚೆನ್ನಾಗಿತ್ತು. ಭಾವನಿಗೆ ನಿಜವಾಗಿಯೂ ಹುಟ್ಟು ಹಾಕಲು ಬರುತ್ತಿತ್ತು. ಮರಳ ದಿಬ್ಬದ ಹತ್ತಿರ ಹೋದಾಗ ಆ ಕಡೆಯ ಕಡಲಿನ ಸದ್ದು ಕೇಳಿಸಿತು. ವಾಪಸ್ ತಿರುಗಿಸುವಾಗ ದೋಣಿಯ ಅಡಿ ಯಾವುದಕ್ಕೋ ಉಜ್ಜಿದಂತಾಯಿತು. ಇನ್ನೊಮ್ಮೆ ಉಜ್ಜಿತು. ಆಮೇಲೆ ನಿಂತೇ ಹೋಯಿತು.

ಭಾವ ಹುಟ್ಟನ್ನು ನೀರಿಗೆ ಊರಿದರು. ಅದು ಕೆಸರಿನಲ್ಲಿ ಹೋಗಿ ಕೂತಿತು. ಸುತ್ತ ನೋಡುತ್ತೇವೆ, ಆಗಲೇ ನೀರಿದ್ದಲ್ಲಿ ಈಗ ಹೊಳೆಯುವ ಕಪ್ಪು ಮಣ್ಣು. ಬೆಳ್ಳಕ್ಕಿಗಳು ಇಳಿದು ನಡೆದಾಡತೊಡಗಿದ್ದವು. ನೀರು ನಮಗೆ ಹೇಳದೆ ಕೇಳದೆ ಎದ್ದು ಹೋಗಿತ್ತು.

ಭಾವ ಒಂದು ಕಾಲನ್ನು ಹೊರಗಿಟ್ಟರು. ಮೊಣಕಾಲಿನವರೆಗೆ ಹೂತುಹೋಯಿತು. ನಾವಿಬ್ಬರೂ ಸೇರಿ ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ದಂಡೆಯಿಂದ ಕಮಲಕ್ಕನ ಕೂಗು, ಈ ಸಲ ಸ್ಪಷ್ಟವಾಗಿ: "ಇಳೂಕಾಗ! ಕಾಲ್ ಹುಗಿತ್ತ್! ನೀರ್ ಬಪ್ಪುವರಿಗೆ ಅಲ್ಲೇ ಕೂಕಣಿ!" ಇಳಿಯಬೇಡಿ, ಕಾಲು ಹೂತುಹೋಗುತ್ತದೆ, ನೀರು ಬರುವ ತನಕ ಅಲ್ಲೇ ಕೂತಿರಿ. ಪಕ್ಕದಲ್ಲಿ ಅಕ್ಕ ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದಳು. ನನ್ನ ಗಂಡ ಫೋಟೊ ತೆಗೆಯುತ್ತಿದ್ದರು.

ಕೂತೆವು. ಬೇರೆ ದಾರಿ ಏನಿತ್ತು? ಆ ದೋಣಿಯಲ್ಲಿ ಎದ್ದು ಹೋಗಲು ಇನ್ನೊಂದು ರೂಮಿಲ್ಲ. ತೆರೆಯಲು ಅಂಗಡಿಯಿಲ್ಲ. ಭಾವ ತಮ್ಮ ಕೆಸರುಗಾಲನ್ನು ದೋಣಿಯ ಅಂಚಿಗೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ವಸು, ಅವ್ಳಿಗೆ ಕೇಳು..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಮಗಳ ಕಡೆ ನೋಡಿದರು.

"ಯಾಕಮ್ಮ ಬೇಡ ಅಂದೆ?"

ಅಪ್ಪ ತನ್ನ ಜೊತೆಗೇ ಮಾತಾಡಿದ್ದು ಎಂದು ಖಾತ್ರಿ ಮಾಡಿಕೊಳ್ಳುವಂತೆ ಚೈತ್ರಾ ಒಮ್ಮೆ ನನ್ನ ಮುಖ ನೋಡಿದಳು.

"ಅಪ್ಪ, ಅವನು ಒಳ್ಳೆಯವನು. ಅದು ಮೊದಲು ಹೇಳಿಬಿಡ್ತೀನಿ. ಆದ್ರೆ ಅವನ ಫೋನ್ ಬರೋ ಹೊತ್ತಾದ್ರೆ ನಾನು ಏನು ಮಾತಾಡ್ಬೇಕು ಅಂತ ರೆಡಿ ಮಾಡ್ಕೊಳ್ತಿದ್ದೆ, ವೈವಾಕ್ಕೆ ಓದೋ ತರ. ಫೋನ್ ಇಟ್ಟ ಕೂಡ್ಲೇ ಉಸಿರು ಬಿಡ್ತಿದ್ದೆ, ಸದ್ಯ ಮುಗೀತು ಅಂತ. ಒಂದು ಸಲ ಅಲ್ಲ, ಎಲ್ಲಾ ಸಲ. ಸರಿಹೋಗುತ್ತೆ, ಹೋಗುತ್ತೆ ಅಂತ ಕಾದೆ. ಕಾರ್ಡಿನ ಪ್ರೂಫ್ ಬಂತಲ್ಲ, ತಪ್ಪಿದೆಯಾ ನೋಡು ಅಂತ ನೀನೇ ಕೊಟ್ಟಿದ್ಯಲ್ಲ? ನಾನು ಒಂದೊಂದಕ್ಷರ ಓದಿದೆ. ತಪ್ಪು ಸಿಗ್ಲಿ ದೇವ್ರೇ ಅಂತ ಓದ್ತಿದ್ದೆ. ಪ್ರಿಂಟ್ ಆಗೋದು ಸ್ವಲ್ಪ ತಡ ಆಗುತ್ತಲ್ಲ. ಒಂದೂ ತಪ್ಪಿರಲಿಲ್ಲ. ಅವತ್ತು ಗೊತ್ತಾಯ್ತು ನಂಗೆ."

ಭಾವ ಹುಟ್ಟಿನ ತುದಿಯಿಂದ ಕೆಸರು ಕೆರೆದರು.

"ಅಷ್ಟೊಂದು ಇತ್ತಲ್ಲ, ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ದೆ ಅಪ್ಪ. ಅಂಗಡಿಗೇ ಬಂದು ಹೇಳಿದ್ದೆ, ಯಾಕೋ ಸರಿ ಅನ್ನಿಸ್ತಿಲ್ಲ ಅಂತ. ನೀನು ಪೈಪ್ ಅಳೀತಾ ಇದ್ದೆ. 'ಎಲ್ರಿಗೂ ಮೊದ್ಲು ಹಾಗೇ ಅನ್ಸುತ್ತಮ್ಮ' ಅಂದೆ."

ನನಗೂ ಮದುವೆಯ ಮುಂಚೆ ಯಾರೋ ಹೀಗೆಯೇ ಹೇಳಿದ್ದರು. ನಿಮಗೂ ಹೇಳಿರುತ್ತಾರೆ. ಎಷ್ಟು ಹಿತವಾದ ಮಾತು! ನನ್ನ ಪಾಲಿಗೆ ಅದು ನಿಜವೂ ಆಯಿತು, ಆ ಕಡೆ ದಂಡೆಯಲ್ಲಿ ಫೋಟೊ ತೆಗೆಯುತ್ತಿದ್ದ ಮನುಷ್ಯನ ಜೊತೆ ಸುಖವಾಗಿಯೇ ಇದ್ದೇನೆ. ಆದರೆ ನಿಜವಾಗದೆ ಹೋದವರು? ಅವರು ಯಾರಿಗೆ ಹೋಗಿ ಹೇಳಬೇಕು?

ಭಾವ ಈಗ ತಮ್ಮ ಕಷ್ಟ ಹೇಳತೊಡಗಿದರು. ದನಿ ಏರಿತ್ತು. "ನಿಂಗೇನು, ನೀನು ಕಾಲೇಜಿಗೆ ಹೋಗ್ತೀಯ. ನಾನು ಅಂಗಡೀಲಿ ಕೂತಿರ್ಬೇಕು. ಮೊಳೆ ತಗೊಳ್ಳೋಕೆ ಬಂದವ್ನೂ ಕೇಳ್ತಾನೆ, ಏನ್ ಸಾರ್ ಮದುವೆ ನಿಂತೋಯ್ತಂತೆ ಅಂತ. ಏನು ಹೇಳ್ಲಿ? ಮಗಳಿಗೆ ಸುಮ್ನೆ ಬೇಡ ಅನ್ನಿಸ್ತಂತೆ ಅಂದ್ರೆ ನಿನ್ನ ಬಗ್ಗೆ ಏನೆಲ್ಲ ಕಥೆ ಕಟ್ತಾರೆ ಗೊತ್ತಾ? ಅದಕ್ಕೇ ಹೇಳಿದೆ, ಹುಡುಗನಿಗೆ ಸ್ವಲ್ಪ ಕುಡಿಯೋ ಅಭ್ಯಾಸ ಇತ್ತಂತೆ, ಆಮೇಲೆ ಗೊತ್ತಾಯ್ತು ಅಂತ. ನಿನ್ನ ಮರ್ಯಾದೆ ಉಳೀತಲ್ಲ."

ಚೈತ್ರಾ ಎದ್ದು ನಿಂತಳು. ದೋಣಿ ಓಲಾಡಿತು. ದಂಡೆಯಲ್ಲಿ ಅಕ್ಕ ಕಿರುಚಿದ್ದು ಕೇಳಿಸಿತು.

"ಅಪ್ಪ! ಅವನು ಕಾಫಿ ಕೂಡ ಕುಡಿಯಲ್ಲ!"

"ಕೂತ್ಕೋ ಮೊದ್ಲು."

"ಕೂರಲ್ಲ. ನಾಳೆ ಅವನು ಇನ್ನೊಂದು ಕಡೆ ಹುಡುಗಿ ನೋಡೋಕೆ ಹೋದ್ರೆ? ಅವರು ಭದ್ರಾವತೀಲಿ ವಿಚಾರಿಸಿದ್ರೆ? ಬೇಡ ಅಂದವ್ಳು ನಾನು. ಮಾತು ಕೇಳ್ಬೇಕಾದವ್ಳೂ ನಾನೇ. ಅವನ್ಯಾಕೆ ಕೇಳ್ಬೇಕು?"

"ಅವರೇನು ಸುಮ್ನಿದ್ದಾರೆ ಅನ್ಕೊಂಡಿದೀಯಾ? ಅವರೂ ಏನಾದ್ರೂ ಹೇಳಿರ್ತಾರೆ."

"ಹೇಳ್ಲಿ. ಅದು ಅವರ ಬಾಯಿ. ಇದು ನಿನ್ನ ಬಾಯಿ, ಅಪ್ಪ. ಇದನ್ನ ನೀನು ಸರಿಮಾಡ್ಬೇಕು."

ನಾನು ಅವಳ ದುಪಟ್ಟಾ ಎಳೆದು ಕೂರಿಸಿದೆ. ಅಳುತ್ತಿದ್ದಳು. ಮದುವೆ ಮುರಿದ ದಿನದಿಂದ ಒಮ್ಮೆಯೂ ಅತ್ತಿರದವಳು, ಆ ಹುಡುಗನ ಹೆಸರು ಕೆಟ್ಟಿತೆಂದು ಅಳುತ್ತಿದ್ದಳು. ಭಾವ ಮಗಳನ್ನು ನೋಡುತ್ತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಸಿಟ್ಟಿರಲಿಲ್ಲ. ತಮ್ಮ ಮನೆಯಲ್ಲೇ ಬೆಳೆದ ಈ ಹುಡುಗಿ ಯಾರು ಎಂದು ಗುರುತು ಹಿಡಿಯುತ್ತಿರುವವರಂತಿದ್ದರು.

ಬೆಳ್ಳಕ್ಕಿಗಳು ನಮ್ಮನ್ನು ಕಲ್ಲೋ ಮರವೋ ಎಂದುಕೊಂಡು ಹತ್ತಿರಕ್ಕೇ ಬಂದವು. ಬಿಸಿಲು ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಕೆಸರಿನ ಮೇಲೆ ತೆಳ್ಳಗೆ ನೀರು ಹರಿದು ಬಂತು. ದೋಣಿ ಒಂದು ಸಲ ಅಲುಗಿತು, ಆಮೇಲೆ ತೇಲಿತು. ಭಾವ ಹುಟ್ಟನ್ನು ಮಗಳ ಕೈಗೆ ಕೊಟ್ಟರು. "ನನ್ನ ತೋಳು ನೋಯ್ತಿದೆ. ನೀನು ಹಾಕು. ಎಡಕ್ಕೆ ಒತ್ತಬೇಡ, ನೇರ ಹೋಗು." ನನ್ನ ಅನುವಾದದ ಕೆಲಸ ಅಲ್ಲಿಗೆ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ದೋಣಿಯಲ್ಲಿ ಕೂತು ಒಳ್ಳೆಯವರಾಗುವುದು ಸುಲಭ. ಊರಿಗೆ ಬಂದ ಮೇಲೆ?

ವಾಪಸ್ ಬರುವಾಗ ಕಾರು ಶಿವಮೊಗ್ಗದೊಳಗೆ ಬಂದದ್ದೇ, ಭಾವ ನನ್ನ ಗಂಡನಿಗೆ "ದುರ್ಗಿಗುಡಿ ಕಡೆ ತಗೊಳ್ಳಿ" ಎಂದರು. ನಿತಿನ್ ಮನೆಯ ಬೀದಿಯಲ್ಲಿ ಇಳಿದರು. ಚೈತ್ರಾ ಇಳಿಯಲು ಹೋದಾಗ "ನೀನು ಬೇಡ. ಇದು ನಂದು" ಎಂದರು. ಸ್ವಲ್ಪ ದೂರ ಹೋದವರು ತಿರುಗಿ, "ವಸು, ನೀನು ಬಾ" ಎಂದರು. ಹೆದರಿದ್ದರು.

ಬಾಗಿಲು ತೆಗೆದದ್ದು ನಿತಿನ್‌ನ ಅಪ್ಪ. ನಮ್ಮನ್ನು ನೋಡಿ ಅವರ ಮುಖ ಗಡುಸಾಯಿತು. ಬನ್ನಿ ಎನ್ನಲಿಲ್ಲ. ಭಾವ ಹೊಸ್ತಿಲಾಚೆಯೇ ನಿಂತು, ಕಮಲಕ್ಕ ಕೊಟ್ಟಿದ್ದ ಹವಾಯಿ ಚಪ್ಪಲಿಯಲ್ಲಿ, ನೇರವಾಗಿ ಹೇಳಿಬಿಟ್ಟರು.

"ನಿಮ್ಮ ಹುಡುಗ ಕುಡೀತಾನೆ ಅಂತ ಊರಲ್ಲಿ ನಾನು ಹೇಳಿದೀನಿ. ಅದು ಸುಳ್ಳು. ಹೇಳಿದ ಕಡೆಗೆಲ್ಲ ಹೋಗಿ ಸುಳ್ಳು ಅಂತ ಹೇಳ್ತೀನಿ. ಅದನ್ನ ಮೊದ್ಲು ನಿಮಗೆ ಹೇಳ್ಬೇಕಿತ್ತು."

ಆ ಮನುಷ್ಯ ಒಂದು ಹೆಜ್ಜೆ ಮುಂದೆ ಬಂದರು. ಈಗ ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸೆರಗಿನಿಂದ ಕೈ ಒರೆಸುತ್ತಾ, ನಮ್ಮ ಮುಖ ನೋಡದೆ ಹೇಳಿದರು.

"ನಾವೂ ಹೇಳಿದೀವಿ. ಹುಡುಗಿಗೆ ಬೇರೆ ಯಾರೋ ಇದ್ದಾನೆ ಅಂತ. ಕೇಳಿದವ್ರಿಗೆ ಏನಾದ್ರೂ ಹೇಳ್ಬೇಕಲ್ಲ?"

ನೋಡಿ, ಎರಡೂ ಕಡೆಯವರು ಮಾನವಂತರು. ಎರಡೂ ಕಡೆಯವರು ಮಕ್ಕಳನ್ನು ಪ್ರೀತಿಸುವವರು. ತಮ್ಮ ಮಗುವಿನ ಮರ್ಯಾದೆ ಉಳಿಸಲು ಇಬ್ಬರೂ ಆಯ್ದುಕೊಂಡದ್ದು ಇನ್ನೊಬ್ಬರ ಮಗುವನ್ನು. ಊರಿಗೆ ಒಬ್ಬ ಅಪರಾಧಿ ಬೇಕಿತ್ತು, ಕೊಟ್ಟರು. ಅಪರಾಧಿಯಿಲ್ಲದೆಯೂ ಒಂದು ಸಂಬಂಧ ನಿಲ್ಲಬಹುದು ಎಂದರೆ ಯಾರು ಕೇಳುತ್ತಿದ್ದರು? ಆರೋಪವಾದರೆ ನಾವು ತಕ್ಷಣ ನಂಬುತ್ತೇವೆ. ಇಷ್ಟಾನಿಷ್ಟವೆಂದರೆ ಮಾತ್ರ ಸಾಕ್ಷಿ ಕೇಳುತ್ತೇವೆ.

ಅಷ್ಟು ಹೊತ್ತಿಗೆ ನಿತಿನ್ ಮಹಡಿಯಿಂದ ಇಳಿದು ಬಂದಿದ್ದ. ಸ್ವಲ್ಪ ಸೊರಗಿದ್ದ. "ಅಂಕಲ್, ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದ. ನಾವು ಕೂರಲಿಲ್ಲ. ಭಾವ ಅವನ ಕೈ ಹಿಡಿದುಕೊಂಡು "ತಪ್ಪಾಯ್ತಪ್ಪ" ಎಂದರು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಚೈತ್ರಾ ನಂಗೆ ನೇರವಾಗೇ ಹೇಳಿದ್ಲು ಅಂಕಲ್, ನಿಮಗೆ ಹೇಳೋ ಮೊದ್ಲೇ. ಹೇಳಿದ್ದು ಒಳ್ಳೇದಾಯ್ತು ಅಂತ ನಂಗೆ ಇನ್ನೂ ಅನ್ನಿಸಿಲ್ಲ. ಮುಂದೆ ಅನ್ನಿಸ್ಬಹುದು."

ಈಚಿನ ದಿನಗಳಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಕಾರಿಗೆ ಬಂದ ಮೇಲೆ ಚೈತ್ರಾಳಿಗೆ ಅದನ್ನು ಹಾಗೆಯೇ ಹೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತಾ "ಹೂಂ" ಎಂದಳು. ಬೇಡ ಎಂದವರಿಗೂ ನೋವಿರುತ್ತದೆ. ಕಾರಣ ಹುಡುಕುವ ಗಡಿಬಿಡಿಯಲ್ಲಿ ನಾವದನ್ನು ನೋಡಿರಲೇ ಇಲ್ಲ.

ಭಾವ ಮಾತು ಉಳಿಸಿಕೊಂಡರು. ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಾರಂತೆ, "ಹುಡುಗ ಚಿನ್ನದಂಥವ್ನು. ಕುಡಿತದ ಮಾತು ನಾನು ಸುಮ್ನೆ ಹೇಳಿದ್ದು. ನನ್ನ ಮಗಳಿಗೆ ಬೇಡವಾಗಿತ್ತು, ಅಷ್ಟೇ." ಕೆಲವರು ನಗುತ್ತಾರಂತೆ. ಒಬ್ಬ ಹಳೆಯ ಗಿರಾಕಿ ಮಾತ್ರ, ಪೇಂಟ್ ಡಬ್ಬ ಕೈಯಲ್ಲಿ ಹಿಡಿದುಕೊಂಡೇ, "ನನ್ನ ತಂಗಿಗೂ ಯಾರಾದ್ರೂ ಹಾಗೆ ಬೇಡ ಅನ್ನೋಕೆ ಬಿಟ್ಟಿದ್ರೆ ಚೆನ್ನಾಗಿತ್ತು ಸಾರ್" ಎಂದು ಹೊರಟುಹೋದನಂತೆ. ಅವತ್ತು ಸಂಜೆ ಭಾವ ಅಂಗಡಿಯಿಂದ ಬೇಗ ಮನೆಗೆ ಬಂದರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಅಕ್ಕ ಈಗ ಮಗಳ ಹಿಂದೆ ಹಿಂದೆ ತಿರುಗುವುದನ್ನು ಕಡಿಮೆ ಮಾಡಿದ್ದಾಳೆ. ಪೂರ್ತಿ ಬಿಟ್ಟಿಲ್ಲ. ಅಮ್ಮಂದಿರು ಪೂರ್ತಿ ಬಿಡುವುದಿಲ್ಲ.

ಮೊನ್ನೆ ಶಿವಮೊಗ್ಗದಲ್ಲಿ, ರವೀಂದ್ರನಗರದ ನಮ್ಮ ರಸ್ತೆಯ ತಿರುವಿನಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಹಿಂದಿನ ಬೀದಿಯ ಪರಿಚಯದ ಹೆಂಗಸೊಬ್ಬರು ಪಕ್ಕಕ್ಕೆ ಬಂದು ನಿಂತರು. ಒಳ್ಳೆಯವರು, ಕಷ್ಟಕ್ಕೆ ಆಗುವವರು. ಬೆಂಡೆಕಾಯಿಯ ತುದಿ ಮುರಿಯುತ್ತಾ, ದನಿ ತಗ್ಗಿಸಿ, "ನಿಮ್ಮಕ್ಕನ ಮಗಳದ್ದು ನಿಂತೋಯ್ತಂತಲ್ಲ, ಪಾಪ. ಏನಂತೆ ಕಾರಣ?" ಎಂದರು.

ನಾನು ಈ ಸಲ ತಯಾರಾಗಿದ್ದೆ. ಯಾರ ಮೇಲೂ ತಪ್ಪು ಹಾಕದೆ, ತಲೆ ತಗ್ಗಿಸದೆ, ದನಿಯನ್ನೂ ತಗ್ಗಿಸದೆ ಹೇಳಿದೆ. "ಹುಡುಗ ತುಂಬಾ ಒಳ್ಳೆಯವನು. ಅವಳಿಗೆ ಬೇಡ ಅನ್ನಿಸ್ತು. ಬೇಡ ಅಂದ್ಲು."

ಅವರು ನನ್ನ ಮುಖವನ್ನೇ ನೋಡಿದರು. ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ಇನ್ನೂ ಸ್ವಲ್ಪ ಹತ್ತಿರ ಸರಿದು, ನನ್ನ ಕೈ ಮುಟ್ಟಿ, ಮೆಲ್ಲಗೆ ಕೇಳಿದರು:

"ಅದು ಸರಿ ಮಾರಾಯ್ತಿ, ನನ್ನ ಹತ್ರನಾದ್ರೂ ನಿಜವಾದ ಕಾರಣ ಹೇಳ್ಬಾರ್ದಾ?"